ಒಂಟಿ ಹೇಂಟೆಯ ಪರವಾಗಿ, ಸಂಘದ ಅಕ್ಕಂದಿರಿಗೆ

ನಮ್ಮ ಸ್ತ್ರೀಶಕ್ತಿ ಸಂಘದ ಅಕ್ಕಂದಿರಿಗೆ, ಅತ್ತಿಗೆಯರಿಗೆ, ತಂಗಿಯರಿಗೆ. ಹಾಗೆಯೇ ಮಲೆನಾಡಿನ ಹಿತ್ತಲುಗಳಲ್ಲಿ ನಾಲ್ಕು ನಾಟಿ ಕೋಳಿ ಸಾಕಿಕೊಂಡಿರುವ ಎಲ್ಲರಿಗೂ.

ಕೆಳಮನೆ ಅತ್ತಿಗೆಯ ಕೋಳಿ ಒಡ್ಡಿಗೆ ಕಬ್ಬೆಕ್ಕು ನುಗ್ಗಿದ ಸುದ್ದಿ ನಿಮಗೆಲ್ಲ ಗೊತ್ತೇ ಇದೆ. ಹುಂಜ ಸಮೇತ ಒಳಗಿದ್ದದ್ದೆಲ್ಲ ಒಂದೇ ರಾತ್ರಿಯಲ್ಲಿ ಹೋಯಿತು. ಚುಕ್ಕೆ ಹೇಂಟೆಯೊಂದು ಉಳಿಯಿತು. ಕಳೆದ ಸಭೆಯಲ್ಲಿ ಸಾಲದ ಕಂತಿನ ಲೆಕ್ಕ ಮುಗಿದ ಮೇಲೆ ಈ ಮಾತು ಬಂತು. 'ಉಳಿದ ಒಂದನ್ನ ಇಟ್ಕೊಂಡು ಏನು ಮಾಡ್ತೀಯ, ಭಾನುವಾರ ಸಾರು ಮಾಡಿಬಿಡು' ಎಂದರು ಒಬ್ಬರು. 'ಸಂತೆಯಿಂದ ಇನ್ನೊಂದು ತಂದು ಬಿಡು, ಅವೆರಡೂ ಹೊಂದ್ಕೊಳ್ತಾವೆ' ಎಂದರು ಇನ್ನೊಬ್ಬರು. 'ಕೋಳಿಗೇನು ಗೊತ್ತಾಗುತ್ತೆ, ನಾಲ್ಕು ದಿನ ಬಿಟ್ಟರೆ ಮರೀತದೆ' ಎಂದು ಮತ್ತೊಬ್ಬರು. ಅಷ್ಟರಲ್ಲಿ ಡೈರಿಗೆ ಹಾಲು ಹಾಕುವ ಹೊತ್ತಾಯಿತೆಂದು ಎಲ್ಲರೂ ಎದ್ದೆವು. ಮಾತು ಅರ್ಧಕ್ಕೇ ನಿಂತಿತು. ಅದನ್ನು ಪೂರ್ತಿ ಮಾಡಲು ಈ ಪತ್ರ ಬರೆಯುತ್ತಿದ್ದೇನೆ. ಇಂಥದ್ದು ನಮ್ಮೂರಿನಲ್ಲಿ ಮಾತ್ರ ಆಗುವುದಲ್ಲವಾದ್ದರಿಂದ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನನಗೆ ಹೇಳಲಿಕ್ಕಿರುವುದು ಇಷ್ಟು. ಹಿಂಡು ಕಳಕೊಂಡ ಕೋಳಿಗೆ ಜೊತೆ ಬೇಕು. ಯಾವುದೋ ಒಂದು ಜೊತೆಯಲ್ಲ, ಸರಿಯಾದ ಜೊತೆ, ಸರಿಯಾದ ಹೊತ್ತಿಗೆ, ಭದ್ರವಾದ ಗೂಡಿನಲ್ಲಿ. ಅದನ್ನು ಕೋಳಿ ಕಳಕೊಂಡ ಮನೆಯೊಂದೇ ಹೊಂದಿಸುವುದು ಕಷ್ಟ. ಸಂಘ ಮನಸ್ಸು ಮಾಡಿದರೆ ಸುಲಭ.

ಸಾರಿನ ಮಾತನ್ನು ಮೊದಲು ಮುಗಿಸೋಣ. ನಾನೂ ಕೋಳಿ ತಿನ್ನುವ ಮನೆಯವಳೇ. ನೆಂಟರು ಬಂದರೆ, ಹಬ್ಬಕ್ಕೆ, ಹರಕೆಗೆ ನಾವು ಕೋಳಿ ಕೊಯ್ಯುತ್ತೇವೆ. ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಹಿಂಡು ಹೋದ ಮನೆಯಲ್ಲಿ ಉಳಿದ ಹೇಂಟೆ ಒಂದು ಹೊತ್ತಿನ ಊಟಕ್ಕಿಂತ ದೊಡ್ಡದು. ಆ ಮನೆಯ ಕೋಳಿ ಸಂತಾನದಲ್ಲಿ ಉಳಿದದ್ದು ಅದೊಂದೇ. ನಮ್ಮ ಮಳೆಗೆ, ನಮ್ಮ ತೋಟದ ಹುಳುಹುಪ್ಪಟೆಗೆ, ನಮ್ಮ ಅಂಗಳದ ಹದ್ದಿಗೆ ಹೊಂದಿಕೊಂಡು ಬಂದ ತಳಿ ಅದು. ಇನ್ನೊಂದು ಮಾತೂ ಇದೆ. ಕೋಳಿ ಮಾರಿದ ದುಡ್ಡು, ಮೊಟ್ಟೆ ಮಾರಿದ ದುಡ್ಡು ಯಾರ ಕೈಗೆ ಬರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅಡಿಕೆ ದುಡ್ಡು ಗಂಡಸರ ಲೆಕ್ಕಕ್ಕೆ ಹೋದರೆ ಕೋಳಿ ದುಡ್ಡು ನಮ್ಮ ಸಾಸಿವೆ ಡಬ್ಬಿಗೆ ಬರುತ್ತದೆ. ಮಗಳ ಪುಸ್ತಕ, ತವರಿಗೆ ಹೋಗುವ ಬಸ್ ಚಾರ್ಜು, ಸಂಘದ ವಾರದ ಉಳಿತಾಯ ಎಲ್ಲ ಅಲ್ಲಿಂದಲೇ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 85 ಕೋಟಿ ಕೋಳಿಗಳಿದ್ದವು, ಬಾತು ಮುಂತಾದವೂ ಸೇರಿ. ಅದರಲ್ಲಿ 31 ಕೋಟಿಗೂ ಹೆಚ್ಚು ಇದ್ದದ್ದು ಫಾರಮ್ಮಿನಲ್ಲಲ್ಲ, ನಮ್ಮಂಥವರ ಹಿತ್ತಲಲ್ಲಿ. 2012ರ ಗಣತಿಗೆ ಹೋಲಿಸಿದರೆ ಹಿತ್ತಲ ಕೋಳಿ ಶೇಕಡಾ 45ಕ್ಕಿಂತ ಜಾಸ್ತಿ ಏರಿತ್ತು. ಹಾಗಾಗಿ ಒಂದು ಮನೆಯ ಒಡ್ಡಿ ಬರಿದಾದರೆ ಅದನ್ನು ಸಣ್ಣ ಸಂಗತಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಇನ್ನು 'ಕೋಳಿಗೇನು ಗೊತ್ತಾಗುತ್ತೆ' ಎಂಬ ಮಾತು. ನಾನು ಅತ್ತಿಗೆಯ ಮನೆಗೆ ಹೋದಾಗ ಆ ಹೇಂಟೆ ಕೊಟ್ಟಿಗೆಯ ಸೌದೆ ರಾಶಿಯ ಮೇಲೆ ಕೂತಿತ್ತು. ಕೆಳಗೆ ನುಚ್ಚು ಚೆಲ್ಲಿದೆವು. ಎಷ್ಟೋ ಹೊತ್ತಿನ ಮೇಲೆ ಇಳಿದು ಬಂತು. ಒಂದು ಕಾಳು ಕುಕ್ಕಿತು, ತಲೆ ಎತ್ತಿತು, ಕತ್ತು ಓರೆ ಮಾಡಿ ಎಡಗಣ್ಣಿನಿಂದ ಮಾಡಿನ ಅಂಚನ್ನು ನೋಡಿತು. ಮತ್ತೆ ಒಂದು ಕಾಳು, ಮತ್ತೆ ತಲೆ ಮೇಲೆ. ಹಿಂಡಿನಲ್ಲಿದ್ದಾಗ ಗಬಗಬನೆ ತಿಂದು ಮುಗಿಸುತ್ತಿದ್ದ ಮುಷ್ಟಿ ನುಚ್ಚು ಹಾಗೇ ಉಳಿದು ಗುಬ್ಬಿಗಳ ಪಾಲಾಯಿತು.

ಇದು ಹಟವಲ್ಲ, ರೋಗವೂ ಅಲ್ಲ. ಹಿಂಡಿನಲ್ಲಿ ಕಾವಲು ಹಂಚಿಕೆಯಾಗಿರುತ್ತದೆ. ಒಂದು ತಿನ್ನುವಾಗ ಇನ್ನೊಂದು ನೋಡುತ್ತಿರುತ್ತದೆ. ಹುಂಜ ಆಕಾಶದ ಕಡೆ ಒಂದು ಕಣ್ಣಿಟ್ಟೇ ಇರುತ್ತದೆ. ಹದ್ದು ಕಂಡರೆ ಅದು ಎಳೆಯುವ ದನಿ ಬೇರೆ, ನಾಯಿ ಕಂಡರೆ ಹಾಕುವ ಕೂಗು ಬೇರೆ. ಕೇಳಿದ ಹೇಂಟೆಗಳು ಮೊದಲನೆಯದಕ್ಕೆ ಪೊದೆಯೊಳಗೆ ನುಸುಳುತ್ತವೆ, ಎರಡನೆಯದಕ್ಕೆ ಕತ್ತು ನಿಗುರಿಸಿ ಸುತ್ತ ನೋಡುತ್ತವೆ. ಕೋಳಿಯ ಎರಡು ಕಣ್ಣು ಎರಡು ಕೆಲಸ ಹಂಚಿಕೊಂಡಿವೆ ಎಂಬುದನ್ನೂ ಮರಿಗಳ ಮೇಲೆ ಮಾಡಿದ ಪ್ರಯೋಗಗಳು ತೋರಿಸಿವೆ. ಬಲಗಣ್ಣು ಕಾಳು ಯಾವುದು, ಕಲ್ಲು ಯಾವುದು ಎಂದು ಆರಿಸುತ್ತದೆ. ಎಡಗಣ್ಣು ಶತ್ರುವಿನ ಮೇಲೆ ನಿಗಾ ಇಡುತ್ತದೆ. ಹಿಂಡು ಹೋದ ಮೇಲೆ ಈ ಕಾವಲೆಲ್ಲ ಒಂದೇ ಹೇಂಟೆಯ ತಲೆಯ ಮೇಲೆ ಬಿತ್ತು. ನೋಡುವುದರಲ್ಲೇ ಹೊತ್ತು ಹೋದರೆ ತಿನ್ನುವುದು ಯಾವಾಗ? ಒಂಟಿ ಕೋಳಿ ಸೊರಗುವುದು, ಮೊಟ್ಟೆ ನಿಲ್ಲಿಸುವುದು, ಕೆಲವೊಮ್ಮೆ ಅಕಾಲದಲ್ಲಿ ಗರಿ ಉದುರಿಸುವುದು ಇದರಿಂದಲೇ.

ಅದಕ್ಕೆ ದುಃಖವೂ ಇದೆಯೇ ಎಂದು ನನ್ನನ್ನು ಕೇಳಿದರೆ, ಇದೆ ಎಂದೇ ನಾನು ನಂಬಿದ್ದೇನೆ. ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು 2011ರಲ್ಲಿ ಒಂದು ಸಂಶೋಧನೆ ಪ್ರಕಟಿಸಿದರು. ಮರಿಗಳ ಮೇಲೆ ಫಕ್ಕನೆ ಗಾಳಿ ಊದಿ ಬೆಚ್ಚಿಸಿದಾಗ, ನೋಡುತ್ತಿದ್ದ ತಾಯಿ ಕೋಳಿಯ ಎದೆ ಬಡಿತ ಏರಿತು, ಕಣ್ಣಿನ ಸುತ್ತಿನ ಶಾಖ ಇಳಿಯಿತು, ಅದು ಮರಿಗಳನ್ನು ಕರೆಯತೊಡಗಿತು. ಗಾಳಿ ತಾಯಿಗೆ ತಾಗಿರಲಿಲ್ಲ. ಇನ್ನೊಂದರ ಸಂಕಟವನ್ನು ಕಂಡು ಮೈ ಹೀಗೆ ಮಿಡಿಯುವ ಜೀವಿಗೆ, ತನ್ನ ಕಣ್ಣೆದುರೇ ಹಿಂಡು ಹೋದದ್ದು ಏನೂ ಅಲ್ಲ ಎಂದು ಹೇಗೆ ಹೇಳುವುದು? ಚುಕ್ಕೆ ಹೇಂಟೆ ಅಂಗಳದ ಮೂಲೆ ಮೂಲೆಗೆ ಹೋಗಿ ಜೋರಾಗಿ ಕೂಗಿ, ಸುಮ್ಮನೆ ನಿಂತು, ಮತ್ತೆ ಕೂಗುತ್ತದೆ. ಅದು ಉತ್ತರಕ್ಕೆ ಕಾಯುವ ಕೂಗು.

ಇಷ್ಟೊಂದು ಕೋಳಿಗಳನ್ನು ಒಂದೇ ರಾತ್ರಿ ಯಾಕೆ ಕೊಂದಿತು, ತಿಂದದ್ದು ಒಂದೋ ಎರಡೋ ಎಂದು ಅತ್ತಿಗೆ ಅಳುತ್ತಾ ಕೇಳಿದರು. ಕಬ್ಬೆಕ್ಕಿನ ಮೇಲೆ ಹಗೆ ಹುಟ್ಟುವುದು ಈ ಪ್ರಶ್ನೆಯಿಂದಲೇ ಆದ್ದರಿಂದ ಉತ್ತರ ತಿಳಿದಿರಬೇಕು. ಹಾನ್ಸ್ ಕ್ರೂಕ್ ಎಂಬ ಪ್ರಾಣಿ ವಿಜ್ಞಾನಿ 1972ರಲ್ಲಿ ಇದನ್ನೇ ಕುರಿತು ಬರೆದರು. ಕಾರ್ಗತ್ತಲ ರಾತ್ರಿಗಳಲ್ಲಿ ನರಿಗಳು ನೆಲದ ಮೇಲೆ ಕೂತ ಕಡಲಹಕ್ಕಿಗಳನ್ನು ತಿನ್ನಲಾರದಷ್ಟು ಕೊಂದು ಬಿಟ್ಟುಹೋಗುತ್ತಿದ್ದವು. ಬೇಟೆ ಪ್ರಾಣಿಯ ಕೊಲ್ಲುವ ಪ್ರಚೋದನೆ ಹೊಟ್ಟೆ ತುಂಬಿದೊಡನೆ ನಿಲ್ಲುವುದಿಲ್ಲ. ಕಾಡಿನಲ್ಲಿ ಒಂದನ್ನು ಹಿಡಿಯುವಷ್ಟರಲ್ಲಿ ಉಳಿದವು ಹಾರಿಹೋಗುತ್ತವೆ, ಕೊಲ್ಲುವುದು ಅಲ್ಲಿಗೇ ನಿಲ್ಲುತ್ತದೆ. ಒಡ್ಡಿಯಲ್ಲಿ ಹಾರಲು ಜಾಗವಿಲ್ಲ. ಕೋಳಿಗೆ ಇರುಳಿನಲ್ಲಿ ಕಣ್ಣು ಸರಿಯಾಗಿ ಕಾಣುವುದೂ ಇಲ್ಲ. ಎದುರಿಗೆ ರೆಕ್ಕೆ ಬಡಿಯುತ್ತಿರುವ ತನಕ ಕಬ್ಬೆಕ್ಕು ಕಚ್ಚುತ್ತಲೇ ಇರುತ್ತದೆ. ಅದರಲ್ಲಿ ಕ್ರೌರ್ಯವಿಲ್ಲ, ನಮ್ಮ ಬಾಗಿಲಿನ ಸಂದು ದೊಡ್ಡದಿತ್ತು ಅಷ್ಟೆ. ಆದ್ದರಿಂದ ಕೈಮುಗಿದು ಕೇಳುತ್ತೇನೆ, ಬೇಲಿಗೆ ಉರುಳು ಹಾಕಬೇಡಿ, ಸತ್ತ ಕೋಳಿಗೆ ವಿಷ ಸವರಿ ಇಡಬೇಡಿ. ಕಬ್ಬೆಕ್ಕು, ಕಾಡುಬೆಕ್ಕು, ಮುಂಗುಸಿ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಉರುಳಿಗೆ ಯಾವ ಪ್ರಾಣಿ ಎಂಬ ಭೇದವಿಲ್ಲ. ಹಂದಿಗೆಂದು ಹಾಕಿದ ಉರುಳಿಗೆ ಚಿರತೆ ಸಿಕ್ಕಿಬಿದ್ದ ಸುದ್ದಿ ನಮ್ಮ ಕಾಫಿ ತೋಟಗಳ ಕಡೆಯಿಂದ ಎಷ್ಟು ಸಲ ಬಂದಿಲ್ಲ? ವಿಷ ಇಟ್ಟರೆ ಮೊದಲು ಸಾಯುವುದು ನಮ್ಮದೇ ನಾಯಿ.

ದಾಳಿಯಾದ ಮುಂಜಾನೆ ಏನು ಮಾಡಬೇಕು ಎಂಬುದು ಮುಖ್ಯ. ಆ ದಿನ ನಮ್ಮ ಕೈ ಓಡುವುದಿಲ್ಲ, ತಲೆಯೂ ಓಡುವುದಿಲ್ಲ, ಅದಕ್ಕೇ ಮೊದಲೇ ತಿಳಿದಿರಲಿ. ಎಲ್ಲವೂ ಸತ್ತವು ಎಂದು ಲೆಕ್ಕ ಮುಗಿಸಬೇಡಿ. ತಪ್ಪಿಸಿಕೊಂಡ ಕೋಳಿ ಬೇಲಿ ಬುಡದಲ್ಲಿ, ಕಾಫಿ ಗಿಡದ ಅಡಿಯಲ್ಲಿ ಒಂದೆರಡು ದಿನ ಉಸಿರೆತ್ತದೆ ಅಡಗಿರಬಹುದು. ದಿನಾ ಕಾಳು ಹಾಕುವಾಗ ಕರೆಯುವ ದನಿಯಲ್ಲೇ, ದಿನಾ ಬಡಿಯುವ ತಟ್ಟೆಯನ್ನೇ ಬಡಿದು, ಸಂಜೆಗೆ ಮುಂಚೆ ತೋಟವೆಲ್ಲ ಸುತ್ತಿ ಕರೆಯಿರಿ. ಇನ್ನೊಂದು, ಅಲ್ಲಾಡದೆ ಬಿದ್ದ ಕೋಳಿಯನ್ನು ಅವಸರದಲ್ಲಿ ಗುಂಡಿಗೆ ಹಾಕಬೇಡಿ. ವಿಪರೀತ ಹೆದರಿದ ಕೋಳಿ ಮೈ ಸೆಟೆದು ಸತ್ತಂತೆ ಬೀಳುತ್ತದೆ. ಕಿರ್ಚರ್ ಎಂಬ ಯುರೋಪಿನ ಪಾದ್ರಿ 1646ರಷ್ಟು ಹಿಂದೆಯೇ ಕೋಳಿಯ ಈ ಗುಣವನ್ನು ಬರೆದಿಟ್ಟಿದ್ದಾನೆ. ಎದೆಯ ಮೇಲೆ ಕೈಯಿಟ್ಟು ನೋಡಿ, ಬಡಿತ ಇದ್ದರೆ ಗೊತ್ತಾಗುತ್ತದೆ.

ಸಿಕ್ಕಿದ ಕೋಳಿಯನ್ನು ಕುಕ್ಕೆಯ ಕೆಳಗೆ ಒಣಹುಲ್ಲು ಹಾಸಿ ಕೂರಿಸಿ, ಮೇಲೊಂದು ಗೋಣಿ ತಾಟು ಹೊದಿಸಿ, ಗಾಳಿಯಾಡಲು ಒಂದು ಬದಿ ಬಿಡಿ. ಬಚ್ಚಲೊಲೆಯ ಬೆಚ್ಚಗಿನ ಜಾಗ ಒಳ್ಳೆಯದು, ಹೊಗೆ ಮಾತ್ರ ತುಂಬಿರಬಾರದು. ಮಕ್ಕಳು ಬಂದು ಬಂದು ಗೋಣಿ ಎತ್ತಿ ನೋಡಬಾರದು. ಅದಕ್ಕೆ ಬೇಕಾದದ್ದು ಶಾಖ, ಮಬ್ಬುಗತ್ತಲು, ನೀರವತೆ. ಚಿಟಿಕೆ ಉಪ್ಪು, ಸ್ವಲ್ಪ ಬೆಲ್ಲ ಕರಗಿಸಿದ ನೀರನ್ನು ಬಟ್ಟಲಲ್ಲಿಟ್ಟು ಕೊಕ್ಕಿನ ತುದಿ ಮುಟ್ಟಿಸಿದರೆ ತಾನೇ ಕುಡಿಯುತ್ತದೆ. ಬಾಯಿ ತೆರೆಸಿ ಸುರಿಯಬೇಡಿ, ಶ್ವಾಸಕ್ಕೆ ಹೋದರೆ ಉಳಿದದ್ದೂ ಹೋಗುತ್ತದೆ. ಆಮೇಲೆ ರೆಕ್ಕೆಯ ಬುಡ, ಬೆನ್ನು, ಬಾಲದ ಹತ್ತಿರ ಗರಿ ಸರಿಸಿ ನೋಡಿ. ಹಲ್ಲಿನ ಗಾಯ ಸೂಜಿ ಚುಚ್ಚಿದಷ್ಟೇ ಕಾಣಿಸಿದರೂ ಒಳಗೆ ಆಳವಾಗಿರುತ್ತದೆ, ಎರಡು ದಿನದಲ್ಲಿ ಕೀವಾಗುತ್ತದೆ. ಕಾದಾರಿದ ಉಪ್ಪುನೀರಿನಲ್ಲಿ ತೊಳೆದು ಅರಿಸಿನ ಹಚ್ಚಿ, ನೊಣ ಕೂತು ಹುಳ ಬೀಳದ ಹಾಗೆ ಸುತ್ತ ಬೇವಿನೆಣ್ಣೆ ಸವರಿ. ಇದು ಪಶು ಆಸ್ಪತ್ರೆಗೆ ಒಯ್ಯುವ ತನಕದ ಆರೈಕೆ ಮಾತ್ರ. ಕಚ್ಚಿದ ಗಾಯಕ್ಕೆ ಡಾಕ್ಟರ ಔಷಧಿಯೇ ಬೇಕಾಗುತ್ತದೆ.

ಈಗ ಹೇಳುವುದನ್ನು ದಯವಿಟ್ಟು ನೆನಪಿಡಿ, ನಮ್ಮಲ್ಲಿ ಬಹಳ ಮಂದಿಗೆ ಆ ಹೊತ್ತಿನಲ್ಲಿ ಹೊಳೆಯುವುದೇ ಇಲ್ಲ. ಹಿಂಡು ಹೋದ ಬೆಳಿಗ್ಗೆ ಅಡುಗೆಮನೆಯ ನುಚ್ಚಿನ ಡಬ್ಬಿಯಲ್ಲೋ ಬೂದಿ ಗಡಿಗೆಯಲ್ಲೋ ಆ ಕೋಳಿಗಳ ಮೊಟ್ಟೆ ಇರುತ್ತವೆ. ಅವನ್ನು ಬೇಯಿಸಬೇಡಿ, ಅಂಗಡಿಗೂ ಕೊಡಬೇಡಿ. ಹುಂಜ ಇದ್ದ ಹಿಂಡಿನ ಮೊಟ್ಟೆ ಅವು. ಇಟ್ಟು ಒಂದು ವಾರದೊಳಗಿನವಾದರೆ ಚೆನ್ನಾಗಿ ಮರಿಯಾಗುತ್ತವೆ, ಹತ್ತು ದಿನದವರೆಗೂ ಆಸೆ ಇಟ್ಟುಕೊಳ್ಳಬಹುದು. ತೊಳೆಯಬೇಡಿ, ಫ್ರಿಜ್ಜಿಗೆ ಹಾಕಬೇಡಿ, ಚೂಪು ತುದಿ ಕೆಳಗಾಗಿ ತಂಪಿನಲ್ಲಿಡಿ. ಊರಿನಲ್ಲಿ ಯಾರ ಮನೆಯ ಹೇಂಟೆ ಕಾವಿಗೆ ಕೂತಿದೆಯೋ ಅದರಡಿಗೆ ಕತ್ತಲಾದ ಮೇಲೆ ಸೇರಿಸಿ. 21 ದಿನಕ್ಕೆ ಹೋದ ಹಿಂಡಿನ ಮಕ್ಕಳು ಕೈಗೆ ಬರುತ್ತವೆ. ಏಳನೆಯ ರಾತ್ರಿ ಟಾರ್ಚಿನ ಮುಂದೆ ಹಿಡಿದು ನೋಡಿದರೆ ಫಲಿತ ಮೊಟ್ಟೆಯಲ್ಲಿ ಕೆಂಪು ನರಗಳು ಕವಲೊಡೆದು ಕಾಣುತ್ತವೆ, ಕಾಣದ್ದನ್ನು ತೆಗೆದುಬಿಡಿ. ಉಳಿದ ಹೇಂಟೆ ಮುಂದಿನ ದಿನಗಳಲ್ಲಿ ಮೊಟ್ಟೆ ಇಟ್ಟರೆ ಅದನ್ನೂ ಎತ್ತಿಡಿ. ಹುಂಜನ ಬೀಜ ಹೇಂಟೆಯ ಒಡಲಿನ ಸಣ್ಣ ಕೊಳವೆಗಳಲ್ಲಿ ಉಳಿದು, ಹುಂಜ ಸತ್ತು ಹತ್ತು ದಿನ, ಕೆಲವೊಮ್ಮೆ ಎರಡು ವಾರದ ತನಕ ಇಟ್ಟ ಮೊಟ್ಟೆಯಲ್ಲೂ ಮರಿಯಾಗುತ್ತದೆ. ಕೆಳಮನೆ ಅತ್ತಿಗೆಗೆ ಈ ವಿಷಯ ಅಂದೇ ಹೇಳಲು ಸಾಧ್ಯವಾಯಿತು. ಅವರ ಅತ್ತೆ ಇದ್ದಿಲಿನಲ್ಲಿ ಗುರುತು ಹಾಕಿ ಕೊಟ್ಟ ಮೊಟ್ಟೆಗಳು ಈಗ ಮೇಲಿನ ಕೇರಿಯ ಒಂದು ಕೆಂಪು ಹೇಂಟೆಯ ಅಡಿಯಲ್ಲಿವೆ.

ಒಡ್ಡಿಯ ರಿಪೇರಿ ಆಗುವ ಮುಂಚೆ ಜೊತೆ ತರುವ ಮಾತು ಬೇಡ. ರುಚಿ ಕಂಡ ಪ್ರಾಣಿ ಮರುದಿನವೋ ಆ ವಾರದಲ್ಲೋ ಅದೇ ದಾರಿಯಲ್ಲಿ ಮತ್ತೆ ಬರುತ್ತದೆ. ಮೊದಲು ಬಂದದ್ದು ಯಾರೆಂದು ನೋಡಿಕೊಳ್ಳಿ. ಮುಂಗುಸಿ ಹಗಲಿನದು, ಕತ್ತಿನ ಹಿಂದೆ ಕಚ್ಚುತ್ತದೆ. ಕಬ್ಬೆಕ್ಕು, ಪುನುಗಿನ ಬೆಕ್ಕು ಇರುಳಿನವು. ಮಾಡಿನ ಹಂಚು ಸರಿದ ಜಾಗ ಕಬ್ಬೆಕ್ಕಿಗೆ ಸಾಕು. ಗರಿ ಅಂಗಳವೆಲ್ಲ ಚೆಲ್ಲಾಡಿದ್ದರೆ ನಾಯಿ. ಹೆಬ್ಬಾವು ನುಂಗಿದ್ದರೆ ಗದ್ದಲವಿಲ್ಲದೆ ಒಂದೆರಡು ಕೋಳಿ ಮಾಯವಾಗಿರುತ್ತವೆ, ಹೊಟ್ಟೆ ಉಬ್ಬಿ ಹೊರಗೆ ಹೋಗಲಾರದೆ ಅದು ಒಳಗೇ ಸುತ್ತಿಕೊಂಡಿರುವುದೂ ಉಂಟು. ಹಾಗಿದ್ದರೆ ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ.

ಅಂಗಡಿಯಲ್ಲಿ ಕೋಳಿ ಬಲೆ ಎಂದು ಕೊಡುವ ಆರು ಮೂಲೆಯ ಸಪೂರ ತಂತಿ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ನಾಯಿ ಒಳಗೆ ಬರುವುದನ್ನು ತಡೆಯುವುದಿಲ್ಲ. ಅರ್ಧ ಇಂಚಿನ ಬೆಸುಗೆ ಜಾಲರಿ ತನ್ನಿ. ದುಬಾರಿ ನಿಜ, ಆದರೆ ಕಿಟಕಿ ಮತ್ತು ಬಾಗಿಲಿಗೆ ಬೇಕಾಗುವುದು ಎಷ್ಟು ಮಹಾ? ನೆಲ ಅಗೆದು ಬರದ ಹಾಗೆ ಗೋಡೆಯ ಬುಡದಲ್ಲಿ ಜಾಲರಿಯನ್ನು ಒಂದು ಅಡಿ ಹೂಳಿ, ಇಲ್ಲವೇ ಕಲ್ಲು ಹಾಸಿ. ಚಿಲಕಕ್ಕೆ ಒಂದು ಕಡ್ಡಿ ಸಿಕ್ಕಿಸಿ. ನಮ್ಮ ಅಜ್ಜಿಯರ ಕಾಲದ ಎತ್ತರದ ಮರದ ಒಡ್ಡಿ, ಸಂಜೆ ಏಣಿ ತೆಗೆದು ಹಲಗೆ ಮುಚ್ಚುವಂಥದ್ದು, ಈಗಿನ ತಂತಿ ಗೂಡಿಗಿಂತ ಎಷ್ಟೋ ಭದ್ರವಾಗಿತ್ತು ಎಂದು ನನ್ನ ಖಚಿತ ಅಭಿಪ್ರಾಯ. ಹಳೆಯ ಹಾಸು ಸುಟ್ಟು, ನೆಲ ತೊಳೆದು, ಸುಣ್ಣ ಬಳಿದು, ಬಿಸಿಲು ಬಿಡಿ. ರಕ್ತದ ಕಲೆ ಉಳಿಯಬಾರದು.

ಇಷ್ಟಾದರೂ ಆ ಹೇಂಟೆ ಒಡ್ಡಿಯೊಳಗೆ ಹೋಗಲು ಒಪ್ಪಲಿಕ್ಕಿಲ್ಲ. ಹಲಸಿನ ಮರ ಹತ್ತೀತು, ಸೌದೆ ರಾಶಿಯಲ್ಲಿ ಕೂತೀತು. ಓಡಿಸಿ ಹಿಡಿದು ತುರುಕಬೇಡಿ. ಸದ್ಯಕ್ಕೆ ಕೊಟ್ಟಿಗೆಯೊಳಗೆ, ದನದ ಹತ್ತಿರ, ಮುಚ್ಚಿದ ಕುಕ್ಕೆಯಲ್ಲಿ ಮಲಗಲಿ. ದನ ಇರುವ ಕಡೆ ಕೋಳಿಗೆ ಸಮಾಧಾನವಿದೆ, ಹಗಲಲ್ಲಿ ಉಣ್ಣೆ ಹೆಕ್ಕುವ ಕೆಲಸವೂ ಸಿಗುತ್ತದೆ. ಅಡುಗೆಮನೆ ಬಾಗಿಲಿಗೆ ಬಂದು ನಿಂತರೆ ಅಟ್ಟಬೇಡಿ, ಸೊಪ್ಪು ಹೆಚ್ಚುವ ಕೆಲಸವನ್ನು ಹೊರಗೆ ಜಗುಲಿಗೆ ತಂದುಕೊಳ್ಳಿ. ಮನುಷ್ಯರು ಹತ್ತಿರವಿದ್ದರೆ ಅದು ತಲೆ ತಗ್ಗಿಸಿ ನಾಲ್ಕು ಕಾಳು ಹೆಚ್ಚಿಗೆ ತಿನ್ನುತ್ತದೆ. ಗೆದ್ದಲು ಮೆತ್ತಿದ ಒಂದು ಹೆಂಟೆ ತಂದು ಒಡೆದರಂತೂ ಎಂಥ ಮಂಕು ಕೋಳಿಯಾದರೂ ಬಂದೀತು. ಕನ್ನಡಿ ಇಟ್ಟರೆ ಜೊತೆ ಇದೆ ಎಂದುಕೊಳ್ಳುತ್ತದೆ ಎಂದು ಕೆಲವರು ಹೇಳುತ್ತಾರೆ. ಉತ್ತರ ಕೊಡದ ಜೊತೆಯಿಂದ ಏನು ಉಪಯೋಗ? ನನಗೆ ಅದು ಒಪ್ಪಿಗೆಯಿಲ್ಲ.

ಜೊತೆ ಯಾವುದು ಎಂಬುದಕ್ಕೆ ಬರುತ್ತೇನೆ. ಬರೀ ಒಂದು ಹುಂಜ ತಂದು ಬಿಡಬೇಡಿ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಎಂಬುದು ಲೆಕ್ಕ. ಒಂದೇ ಹೇಂಟೆ ಇದ್ದರೆ ಅದರ ಬೆನ್ನಿನ ಗರಿಯೆಲ್ಲ ಕಿತ್ತು ಗಾಯವಾಗುತ್ತದೆ, ಸೊರಗಿದ ಕೋಳಿಗೆ ಇನ್ನೊಂದು ಹಿಂಸೆ. ಅಂಗಡಿಯ ಬಾಯ್ಲರ್ ಮರಿಯೂ ಬೇಡ. ಆರು ವಾರದಲ್ಲಿ ತೂಕ ಬರಲೆಂದೇ ಬೆಳೆಸಿದ ತಳಿ ಅದು, ಕಾಲು ಮೈಯನ್ನು ಹೊರುವುದಿಲ್ಲ, ಮರದ ಮೇಲೆ ಕೂರಲಾರದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ಗಿರಿರಾಜ ಹಿತ್ತಲಿಗೆ ಒಗ್ಗುವ ಒಳ್ಳೆಯ ತಳಿ, ಮೊಟ್ಟೆಯೂ ಹೆಚ್ಚು. ಆದರೆ ಮೈ ಭಾರ, ಕಾವಿಗೆ ಕೂರುವುದು ಅಪರೂಪ. ಸಣ್ಣ ಗಾತ್ರದ ನಾಟಿ ಹೇಂಟೆಯೊಂದಕ್ಕೆ ಮೊದಲ ಜೊತೆಯಾಗಿ ನಾನು ಅದನ್ನು ಆರಿಸುವುದಿಲ್ಲ. ತನ್ನದೇ ಗಾತ್ರದ, ಒಂದೇ ಹಿಂಡಿನಲ್ಲಿ ಬೆಳೆದ ಎರಡು ಅಥವಾ ಮೂರು ಎಳೆ ನಾಟಿ ಹೇಂಟೆಗಳು ಸರಿಯಾದ ಜೊತೆ. ಒಂದನ್ನೇ ತಂದರೆ ಕುಕ್ಕುವ ಸಿಟ್ಟೆಲ್ಲ ಅದೊಂದರ ಮೇಲೆ ಬೀಳುತ್ತದೆ. ತಿರುವು ಮುರುವು ಮಾಡಿ ಒಂಟಿ ಹೇಂಟೆಯನ್ನೇ ಇನ್ನೊಬ್ಬರ ದೊಡ್ಡ ಹಿಂಡಿಗೆ ಬಿಟ್ಟರೆ ಹೆದರಿದ ಜೀವವನ್ನು ಅಪರಿಚಿತ ಕೋಳಿಗಳೆಲ್ಲ ಸೇರಿ ಕುಕ್ಕಿ ಮೂಲೆಗೆ ನೂಕುತ್ತವೆ.

ಕುಕ್ಕುವುದು ದುಷ್ಟತನ ಎಂದು ಮಾತ್ರ ತಿಳಿಯಬೇಡಿ. ನಾರ್ವೆಯ ಶೆಲ್ಡರಪ್-ಎಬ್ಬೆ ಎಂಬಾತ ಹುಡುಗನಾಗಿದ್ದಾಗಿನಿಂದ ಕೋಳಿಗಳನ್ನು ನೋಡುತ್ತಾ ಬೆಳೆದು, 1920ರ ದಶಕದ ಆರಂಭದಲ್ಲಿ ಇದನ್ನು ಲೋಕಕ್ಕೆ ತಿಳಿಸಿದ. ಹಿಂಡಿನಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಕ್ರಮವೊಂದಿದೆ, ಪ್ರತಿ ಕೋಳಿಗೂ ಉಳಿದವುಗಳ ಗುರುತಿದೆ, ಕ್ರಮ ಒಮ್ಮೆ ನಿಂತ ಮೇಲೆ ಜಗಳ ಕಡಿಮೆ. ನಮ್ಮ ಹೇಂಟೆಗೆ ಹಿಂಡಿನ ಜೊತೆಗೆ ತನ್ನ ಸ್ಥಾನವೂ ಹೋಗಿದೆ. ಹೊಸಬರೊಂದಿಗೆ ಅದು ಮೊದಲಿನಿಂದ ನಿಲ್ಲಬೇಕು. ಅದಕ್ಕೆ ಕಾಲ ಕೊಡಬೇಕು.

ಹಾಗಾಗಿ ಮೊದಲು ಜಾಲರಿಯ ಈಚೆ ಅದು, ಆಚೆ ಹೊಸವು. ನೋಡಲಿ, ಕೂಗಲಿ, ಜಾಲರಿಯ ಎರಡು ಬದಿ ಅಕ್ಕಪಕ್ಕ ಕಾಳು ತಿನ್ನಲಿ. ವಾರ ಹತ್ತು ದಿನ ಹೀಗೆ ಕಳೆಯಲಿ. ಆಮೇಲೆ ಒಂದು ರಾತ್ರಿ ಎಲ್ಲವನ್ನೂ ಒಂದೇ ಅಡ್ಡಗೋಲಿನ ಮೇಲೆ ಕೂರಿಸಿ. ಕತ್ತಲಲ್ಲಿ ಅವು ಜಗಳವಾಡುವುದಿಲ್ಲ. ಬೆಳಕು ಹರಿಯುವ ಹೊತ್ತಿಗೆ ನೀವು ಅಲ್ಲಿರಬೇಕು, ಮೊದಲ ಗಲಾಟೆ ಆಗುವುದು ಆಗಲೇ. ನೀರು ಎರಡು ಕಡೆ, ಕಾಳು ಎರಡು ಕಡೆ ಇಡಿ, ಸೋತದ್ದು ಓಡಿ ಅಡಗಲು ಒಂದು ಬುಟ್ಟಿಯೋ ಸೌದೆಯ ಮರೆಯೋ ಇರಲಿ. ಜುಟ್ಟು ಕುಕ್ಕಿ ಅಟ್ಟಾಡಿಸಿದರೆ ಬಿಡಿ. ರಕ್ತ ಕಂಡರೆ ಮಾತ್ರ ತಕ್ಷಣ ಬೇರೆ ಮಾಡಿ, ಕೆಂಪು ಕಂಡಲ್ಲಿ ಎಲ್ಲ ಕೋಳಿಗಳೂ ಕುಕ್ಕುತ್ತವೆ. ಆ ಹೇಂಟೆ ಕಾವಿಗೆ ಕೂರುವ ಸೂಚನೆ ತೋರಿಸಿದರಂತೂ ಅದಕ್ಕಿಂತ ಭಾಗ್ಯವಿಲ್ಲ. ನೆರೆಮನೆಯ ಮೊಟ್ಟೆ ಇಟ್ಟುಬಿಡಿ, ತನ್ನ ಹಿಂಡನ್ನು ತಾನೇ ಕಟ್ಟಿಕೊಳ್ಳುತ್ತದೆ. ಕಾವಿಲ್ಲದ ಹೇಂಟೆಗೆ ಮರಿ ತಂದು ಬಿಡಬೇಡಿ, ಕುಕ್ಕಿ ಕೊಂದೀತು.

ಸಭೆಯಲ್ಲಿ ಒಬ್ಬರು ಹೇಳಿದ ಹಾಗೆ ಸಂತೆಯಿಂದ ತರುವುದು ಬೇಡ. ಹತ್ತೂರಿನ ಕೋಳಿ ಸೇರುವ ಜಾಗ ಅದು. ಕೊಕ್ಕರೆ ರೋಗ ಮೈಯಲ್ಲಿದ್ದರೂ ಕೆಲವು ದಿನ ಹೊರಗೆ ಕಾಣುವುದಿಲ್ಲ. ಎರಡು ವಾರ ಬೇರೆಯೇ ಇಟ್ಟು, ಬೇರೆ ನೀರು, ಬೇರೆ ಕಾಳು ಕೊಟ್ಟು ನೋಡದೆ ಒಳಗೆ ಬಿಟ್ಟರೆ ಕಬ್ಬೆಕ್ಕು ಬಿಟ್ಟದ್ದನ್ನು ರೋಗ ಒಯ್ಯುತ್ತದೆ. ಪಕ್ಕದ ಮನೆಯಿಂದ ತಂದರೂ ಈ ಎರಡು ವಾರ ತಪ್ಪಿಸಬೇಡಿ.

ಸಂಘ ಮಾಡಬಹುದಾದದ್ದು ಇಲ್ಲಿದೆ. ಹಿಂದೆ ನಮ್ಮಲ್ಲಿ ಕೋಳಿಯನ್ನು ಪಾಲಿಗೆ ಕೊಡುವ ಪದ್ಧತಿ ಇತ್ತು. ಹೇಂಟೆ ಒಬ್ಬರದು, ಸಾಕುವುದು ಇನ್ನೊಬ್ಬರು, ಮರಿ ಅರ್ಧರ್ಧ. ಅದನ್ನೇ ಸ್ವಲ್ಪ ಬದಲಿಸೋಣ. ಯಾರದಾದರೂ ಒಡ್ಡಿ ಬರಿದಾದರೆ, ಎಳೆ ಹೇಂಟೆ ಹೆಚ್ಚಿರುವ ಮನೆಯವರು ಒಂದೇ ಹಿಂಡಿನ ಎರಡನ್ನು ಕೊಡಲಿ. ಪಡೆದವರು ಅನುಕೂಲವಾದಾಗ ಅಷ್ಟೇ ಎಳೆ ಹೇಂಟೆಗಳನ್ನು ಹಿಂದಿರುಗಿಸಲಿ, ಕೊಟ್ಟವರಿಗೇ ಆಗಬೇಕೆಂದಿಲ್ಲ, ಆಗ ಯಾರಿಗೆ ಬೇಕೋ ಅವರಿಗೆ. ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡೋಣ. ಯಾರ ಮನೆಯ ಹೇಂಟೆ ಕಾವಿಗೆ ಕೂತಿದೆ ಎಂಬುದನ್ನೂ ಅದೇ ಹಾಳೆಯಲ್ಲಿ ಗುರುತು ಹಾಕಿಕೊಂಡರೆ, ಅವಸರಕ್ಕೆ ಮೊಟ್ಟೆ ಹೊತ್ತು ಮನೆಮನೆ ಅಲೆಯುವುದು ತಪ್ಪುತ್ತದೆ. ಒಬ್ಬರು ವಯಸ್ಸಾಗಿ, ಇನ್ನು ಕೋಳಿ ಸಾಕಲಾರೆ ಎಂದರೆ ಅವರ ಒಂಟಿ ಹೇಂಟೆಯನ್ನು ಸಣ್ಣ ಹಿಂಡಿರುವ ಮನೆಯವರು ಜಾಲರಿ ಕಟ್ಟಿ ಬರಮಾಡಿಕೊಳ್ಳಲಿ. ಚುಕ್ಕೆ ಹೇಂಟೆಗೆ ಬೇಕಾದ ಎರಡನ್ನು ನಾನು ಕೊಡುತ್ತೇನೆ, ಅವು ಈಗಾಗಲೇ ಬೇರೆ ಗೂಡಿನಲ್ಲಿವೆ.

ಕೊನೆಯದಾಗಿ ಲಸಿಕೆ. ಕೊಕ್ಕರೆ ರೋಗಕ್ಕೆ ಎಂಟು ವಾರದ ಆಸುಪಾಸಿನಲ್ಲಿ ರೆಕ್ಕೆಯ ಕೆಳಗೆ ಚುಚ್ಚುವ ಲಸಿಕೆ ಪಶು ಆಸ್ಪತ್ರೆಯಲ್ಲಿ ಸಿಗುತ್ತದೆ. ಆದರೆ ಒಂದು ಸೀಸೆ ನೂರು ಅಥವಾ ಇನ್ನೂ ಹೆಚ್ಚು ಕೋಳಿಗಳ ಅಳತೆಯದು. ಪುಡಿಗೆ ದ್ರಾವಣ ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ಮೂರು ಕೋಳಿಯ ಮನೆಗೆ ಯಾರು ಸೀಸೆ ಒಡೆಯುತ್ತಾರೆ? ಎರಡು ಕೇರಿಯ ಕೋಳಿ ಸೇರಿಸಿದರೆ ನೂರು ದಾಟುತ್ತದೆ. ಆದ್ದರಿಂದ ನಿಮ್ಮ ನಿಮ್ಮ ಮನೆಯಲ್ಲಿ ಎಂಟು ವಾರ ದಾಟಿದ ಕೋಳಿ ಎಷ್ಟು, ಅದಕ್ಕಿಂತ ಚಿಕ್ಕ ಮರಿ ಎಷ್ಟು ಎಂದು ಚೀಟಿಯಲ್ಲಿ ಬರೆದು ಮುಂದಿನ ಸಭೆಗೆ ತನ್ನಿ. ಡಾಕ್ಟರರ ಹತ್ತಿರ ದಿನ ಕೇಳಿಕೊಂಡು ಬರುವ ಜವಾಬ್ದಾರಿ ನನ್ನದು. ಆ ದಿನ ಬೆಳಿಗ್ಗೆ ಯಾರೂ ಒಡ್ಡಿಯ ಬಾಗಿಲು ತೆರೆಯಬೇಡಿ, ಬಿಟ್ಟರೆ ಹಿಡಿಯುವುದರಲ್ಲೇ ಹೊತ್ತಾಗಿ ಲಸಿಕೆ ಕೆಡುತ್ತದೆ. ಮಂಕಾಗಿ ಕೂತ ಕೋಳಿ ಇದ್ದರೆ ಅದನ್ನು ಬೇರೆ ಕುಕ್ಕೆಯಲ್ಲಿಟ್ಟು ಡಾಕ್ಟರರಿಗೆ ಮೊದಲೇ ತೋರಿಸಿ. ಐಸು ತುಂಬಿದ ಫ್ಲಾಸ್ಕು ನಾನು ತರುತ್ತೇನೆ, ಮೇಲಿನ ಕೇರಿಯಿಂದ ಶುರುಮಾಡೋಣ.

ಇಂತಿ,
ನಿಮ್ಮ ಸಂಘದ ಸದಸ್ಯೆ